ನೆಲ ಬಿಟ್ಟ ಹೊತ್ತು

ಬೆಂಕಿಪೊಟ್ಟಣದಷ್ಟೂ ಇಲ್ಲ ಅದು.
ಸೊಂಟದ ಹಿಂದೆ, ಬೆನ್ನುಮೂಳೆ ಮುಗಿಯುವಲ್ಲಿ,
ಬೆಲ್ಟಿನೊಳಗೆ ಕೂರಿಸಿ ಬಿಗಿದರೆ
ಒಮ್ಮೆ ನೀಲಿ ಮಿಟುಕಿಸಿ ಸುಮ್ಮನಾಗುತ್ತದೆ.
ಆಮೇಲೆ ಅದಕ್ಕೆ ಗೊತ್ತಾಗುವುದು ಎರಡೇ:
ಕಾಲು ನೆಲ ಬಿಟ್ಟದ್ದು, ಕಾಲು ನೆಲ ಮುಟ್ಟಿದ್ದು.
ಎತ್ತರವನ್ನು ಅದು ಕಂಡು ಹೇಳುವುದಲ್ಲ;
ಹೋದವಳು ಎಷ್ಟು ಹೊತ್ತಿಗೆ ಬಂದಳೆಂದು ನೋಡಿ
ಎಷ್ಟು ದೂರ ಹೋಗಿದ್ದಳೆಂದು ಲೆಕ್ಕ ಹಾಕುವ
ಹೊಸ್ತಿಲ ಮೇಲಿನ ಅಜ್ಜಿಯ ಹಾಗೆ.

ಅಜ್ಜರಕಾಡು ಮೈದಾನ, ಬೆಳಗಿನ ಆರೂವರೆ.
ನೆಟ್ಟಿನ ಬಳಿ ಹನ್ನೆರಡು ಹುಡುಗಿಯರು,
ಮೆಟ್ಟಿಲ ಮೇಲೆ ನಾನು, ತೊಡೆಯ ಮೇಲೆ ಟ್ಯಾಬು.
ಡೆನ್ಜಿಲ್ ಮಾಸ್ಟ್ರಿಗೆ ಇದರ ಮೇಲೆ ಅಷ್ಟಕ್ಕಷ್ಟೆ.
ಅವರದು ಗೋಡೆ, ಸುಣ್ಣದ ಪುಡಿ, ನಡುಬೆರಳು.
ಗ್ಯಾಲರಿಯ ಹಿಂದಿನ ಗೋಡೆಗೆ ಎರಡು ಸಲ ಪೇಂಟು ಬಿದ್ದಿದೆ,
ಈಗಲೂ ಖಾಲಿ ಜಾಗ ತೋರಿಸಿ ಹೇಳುತ್ತಾರೆ:
ಇದು ಫ್ಲೋಸಿಯದ್ದು,
ಇದು ಕುಕ್ಕಿಕಟ್ಟೆಯ ಆ ಕಪ್ಪು ಹುಡುಗಿಯದ್ದು.
“ಗೋಡೆ ಸುಳ್ಳು ಹೇಳುದಿಲ್ಲ ಮಾರಾಯ್ತಿ.”

ಇದೂ ಹೇಳುವುದಿಲ್ಲ. ಆದರೆ ಇದಕ್ಕೆ ಸುಳ್ಳು ಹೇಳಬಹುದು.
ಇಳಿಯುವಾಗ ಮೊಣಕಾಲು ಮಡಚಿದರೆ
ಪಾದ ಚೂರು ತಡವಾಗಿ ನೆಲಕ್ಕೆ ತಾಗಿ
ಎರಡು ಸೆಂಟಿಮೀಟರು ಪುಕ್ಕಟೆ.
ತನುಶ್ರೀ ತಿಂಗಳಾಯ ಇದನ್ನು
ಮೂರನೆಯ ದಿನವೇ ಕಂಡುಹಿಡಿದಳು.
ನಲವತ್ತೊಂದು. ನಲವತ್ತು. ಮತ್ತೆ ನಲವತ್ತೊಂದು.
ಪ್ರತಿಸಲವೂ ಇಳಿಯುವಾಗ ಎಡಕ್ಕೊಂದು ವಾಲು.
ಹೆಸರಿಲ್ಲದಿದ್ದರೂ ಗುರುತು ಹಿಡಿಯಬಲ್ಲೆ,
ಅದು ಅವಳ ಸಹಿ.

ಮೊನ್ನೆ ಶುಕ್ರವಾರ ಬೆಲ್ಟು ಬಿಚ್ಚಲು ಮರೆತು
ಹಾಗೆಯೇ ಪಡುಕೆರೆಗೆ ಬಸ್ಸು ಹತ್ತಿದಳು.
ಶನಿವಾರ ತೆರೆದು ನೋಡಿದರೆ
ರಾತ್ರಿ ಎಂಟು ದಾಟಿ ಏಳು ನಿಮಿಷಕ್ಕೆ
ಮೂರು ಜಿಗಿತ.
ಹನ್ನೊಂದು.
ಹದಿನಾಲ್ಕು.
ಆಮೇಲೆ ಬಹಳ ಹೊತ್ತು ಏನಿಲ್ಲ,
ನಗು ತಡೆದಂಥ ಸಣ್ಣ ನಡುಕ ಬಿಟ್ಟರೆ.
ಆಮೇಲೆ ಹದಿನಾರು.
ವಾಲಿಲ್ಲ. ಎರಡೂ ಪಾದ ಒಟ್ಟಿಗೆ,
ಅಕ್ಕಿಮೂಟೆ ಇಳಿಸಿದ ಹಾಗೆ.

“ಹಾಳಾಯ್ತಾ ಎಂತ ಇದು?” ಮಾಸ್ಟ್ರು ಕನ್ನಡಕ ಏರಿಸಿದರು.
ತನುಶ್ರೀ ತನ್ನ ಶೂ ಲೇಸಿಗೆ ಹೇಳಿದಳು:
“ಅಮ್ಮ ಸರ್. ಹೇಗೆ ಉಂಟು ನೋಡುವ ಅಂತ.
ಬೆಲ್ಟು ಸಾಲಲಿಲ್ಲ, ಬೈರಾಸು ಸೇರಿಸಿ ಕಟ್ಟಿದ್ದು.”

ವಾರಿಜಕ್ಕ. ನಮ್ಮ ಬೀಡಿನಗುಡ್ಡೆಯ ಗೇಟಿಗೆ
ಬಂಗುಡೆ ತರುವವರು.
ಬುಟ್ಟಿ ಇಳಿಸಲು ಇನ್ನೊಬ್ಬರ ಕೈ ಬೇಕು ಅವರಿಗೆ;
ಐಸಿನ ನೀರು ಕಿವಿಯ ಹಿಂದಿನಿಂದ
ಕುತ್ತಿಗೆಗೆ ಇಳಿಯುತ್ತಿರುತ್ತದೆ.

ಹಾರಿದಾಗ ಈ ಗೆರೆ ಮೇಲಕ್ಕೆ ಹೋಗುವುದಿಲ್ಲ,
ನೆಟ್ಟಗೆ ಸೊನ್ನೆಗೆ ಬೀಳುತ್ತದೆ:
ಅಷ್ಟು ಹೊತ್ತು ಮೈಗೆ ತೂಕವಿಲ್ಲ ಎಂದರ್ಥ.
ಸೊನ್ನೆ ಚುಕ್ಕೆ ಮೂರು ಆರು ಸೆಕೆಂಡು.
ಅಂಗಳದ ಸಿಮೆಂಟಿನ ಮೇಲೆ, ಒಳಗೆ ಟಿವಿ ಕೂಗುತ್ತಿರುವಾಗ,
ಮಗಳೊಬ್ಬಳೇ ನೋಡುತ್ತಿದ್ದಾಗ.
ಕನ್ನಡದಲ್ಲಿ ಹಕ್ಕಿಗೂ ಹಾರು, ನಮಗೂ ಹಾರು.
ಕೋಷ್ಟಕದಲ್ಲಿ ಅದಕ್ಕೆ ಬೇರೆ ಅಂಕಣ ಬೇಕೇನೋ.

ತಂಡದಲ್ಲಿಲ್ಲದವರ ಸಾಲು ಅಳಿಸಬೇಕೆಂದು ನಿಯಮ.
ಬೆರಳು ಹೋಗಿಯೇಬಿಟ್ಟಿತ್ತು.
ಮಾಸ್ಟ್ರು ಟ್ಯಾಬು ಎಳೆದುಕೊಂಡರು,
ಇದೇ ಮೊದಲ ಸಲ, ತಲೆಕೆಳಗಾಗಿ ಹಿಡಿದು.
“ಮೂರನೆಯದಕ್ಕೆ ಕೈ ಬೀಸಿದ್ದಾರೆ.
ಯಾರು ಹೇಳಿಕೊಟ್ಟದ್ದು?”
“ಯಾರೂ ಇಲ್ಲ ಸರ್.”
ಸ್ವಲ್ಪ ಹೊತ್ತು ಗೋಡೆಯ ಕಡೆ ನೋಡಿದರು.
“ನಿಂತಲ್ಲೇ ಕೈ ಎತ್ತಿದರೆ
ಎಲ್ಲಿವರೆಗೆ ಮುಟ್ಟುತ್ತದೆ, ನಿನ್ನ ಅಮ್ಮನಿಗೆ?”

ತನುಶ್ರೀ ಎದ್ದು ನಿಂತಳು.
ತನ್ನ ಬಲಗೈ ಪೂರ್ತಿ ಎತ್ತಿ,
ಯೋಚಿಸಿ,
ಒಂದು ಗೇಣು ಇಳಿಸಿದಳು.