ಎಡಮಗ್ಗುಲು

ಪೆಟ್ಟಿಗೆಗೆ ಬೆಲೆ ಬರೆಯುವ ಮೊದಲು
ನಾನದರ ಗಾಯಗಳನ್ನು ಬರೆಯಬೇಕು.
ಸಂಬಳ ಅದಕ್ಕೇ.

ಉದ್ದ ಹತ್ತೊಂಬತ್ತು ಸೆಂಟಿಮೀಟರ್. ಒಳಗೆ ಮಾಸಿದ ನೇರಳೆ ಮಖಮಲ್ಲು.
ಹಿತ್ತಾಳೆ ಕೀಲು ಎರಡು, ಒಂದು ಸಡಿಲ.
ಬೀಗವಿದೆ, ಬೀಗದಕೈ ಇಲ್ಲ.
ಮುಚ್ಚಳದ ಮೇಲೆ ಮ್ಯಾಲಕೈಟ್:
ಹಸಿರೊಳಗೆ ಹಸಿರು, ಅದರೊಳಗೆ ಕಪ್ಪಿಗೆ ಸರಿಯುವ ಹಸಿರು,
ಕೆರೆಗೆ ಕಲ್ಲೆಸೆದವರು ಯಾರೋ
ಅಲೆ ದಡ ಮುಟ್ಟುವ ಮೊದಲೇ ಎದ್ದು ಹೋದಂತೆ.

ಇಡಿಯಾಗಿ ಕಲ್ಲೇ ಅಂದುಕೊಳ್ಳುತ್ತಾರೆ ಜನ. ಅಲ್ಲ.
ಒಳಗಿರುವುದು ಬರೀ ಸ್ಲೇಟು.
ಮೇಲೆ ಉಗುರು ದಪ್ಪದ ಹಸಿರು ಬಿಲ್ಲೆಗಳನ್ನು
ಗೆರೆಗೆ ಗೆರೆ ಕೂಡುವಂತೆ ಅಂಟಿಸಿ,
ಸಂದಿಗೆ ಅದೇ ಕಲ್ಲಿನ ಪುಡಿ ಮೆತ್ತಿ,
ಉಜ್ಜಿ ಉಜ್ಜಿ ಸುಳ್ಳನ್ನು ನುಣುಪು ಮಾಡಿದ್ದಾನೆ
ಉರಾಲ್ ಕಡೆಯ ಯಾವನೋ ಕೆಲಸಗಾರ.
ಹೆಸರು ತಿಳಿಯದು ಎಂದು ಬರೆಯುವುದಕ್ಕೆ
ನಮ್ಮಲ್ಲೊಂದು ಸಂಕ್ಷೇಪವಿದೆ, ಒಂದೇ ಅಕ್ಷರ.

ಲಿಯೇಜ್‌ನ ನಮ್ಮ ಅಂಗಡಿಗೆ ಇದನ್ನು ತಂದವರು ಲ್ಯಾಂಬೆರ್ ದೆತ್ಯೇ,
ಎಂಬತ್ತೊಂದು ವರ್ಷ,
ಮಳೆಕೋಟಿನೊಳಗೆ ಬೆಕ್ಕಿನಮರಿಯಂತೆ ಅವುಚಿಕೊಂಡು.
"ಅಜ್ಜ ಪೀಟರ್ಸ್‌ಬರ್ಗಿನಲ್ಲಿ ಟ್ರಾಮ್ ಹಳಿ ಹಾಕಿಸುತ್ತಿದ್ದ.
ಬಾಕಿ ಹಣದ ಬದಲು ಒಬ್ಬ ರಾಜಕುಮಾರ ಕೊಟ್ಟದ್ದು."
ಎಲ್ಲ ಪೆಟ್ಟಿಗೆಗೂ ಒಬ್ಬ ರಾಜಕುಮಾರ ಇರುತ್ತಾನೆ.
ಒದಿಲ್ ಮೇಡಂ ಭೂತಗನ್ನಡಿ ತೆಗೆಯದೆಯೇ ಅಂದರು:
ಆರರಿಂದ ಎಂಟು ಸಾವಿರ ಯೂರೋ.
ಮುದುಕ ಕೂರಲು ಕುರ್ಚಿ ಕೇಳಿದ.

ಸಾಮಾನು ಹೊರುವ ಮ್ವೇಪು ಅದನ್ನು ಕಪಾಟಿಗೆ ಒಯ್ಯುವಾಗ
ಬಿಳಿ ಕೈಗವಸಿನಲ್ಲಿ ತಿರುಗಿಸಿ, ಎಡಮಗ್ಗುಲು ನೋಡಿ,
ಮೂಗಿನಲ್ಲೇ ನಕ್ಕ.
"ಇದು ನಮ್ಮೂರಿನದು."
ಯಾವುದು?
"ಈ ಪಕ್ಕ. ಗೆರೆ ನೋಡಿ, ಅಗಲ. ಕಣ್ಣು ನೋಡಿ, ದುಂಡಗೆ.
ಲಿಕಾಸಿಯಲ್ಲಿ ಅವ್ವ ಹೊಸ್ತಿಲ ಮೇಲೆ ಕೂತು
ಇಂಥ ಕಲ್ಲಿನ ಮೊಸಳೆ, ಆನೆ, ಬೂದಿಬಟ್ಟಲು ತಿಕ್ಕುತ್ತಿದ್ದಳು,
ಮರಳುಕಾಗದ, ನೀರು, ಕಡೆಗೆ ಮೇಣದಬತ್ತಿ.
ಸಂಜೆ ಅವಳು ಉಗುಳಿದರೆ ಹಸಿರು.
ನಾವು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದೆವು,
ಇನ್ನೊಮ್ಮೆ ಉಗುಳು ಅಂತ."

ದೀಪ ತಂದೆ. ಭೂತಗನ್ನಡಿ ತಂದೆ.
ಅವನು ಹೇಳಿದ್ದು ಸರಿ.
ಎಂದೋ ಬಿದ್ದು ಒಡೆದ ಮಗ್ಗುಲಿಗೆ
ಯಾರೋ ಕಾಂಗೋದ ಕಲ್ಲಿನ ತೇಪೆ ಹಾಕಿದ್ದಾರೆ.
ಅರವತ್ತೋ ಎಪ್ಪತ್ತೋ ವರ್ಷ, ಅಂಟು ಕೂಡ ಬಿಟ್ಟಿಲ್ಲ.
ಅಜ್ಜ ರಷ್ಯದಲ್ಲಿದ್ದ, ಸರಿ; ಅಪ್ಪ ಎಲ್ಲಿದ್ದ
ಎಂದು ದೆತ್ಯೇ ಅವರನ್ನು ಕೇಳಬಹುದಿತ್ತು.
ಕೇಳಲಿಲ್ಲ.

ಬರೆದೆ: ಎಡಮಗ್ಗುಲು ನಂತರದ್ದು. ಕಲ್ಲು ಆಫ್ರಿಕಾ ಮೂಲದ್ದು.
ಐದು ಪದ. ಪದಕ್ಕೆ ಸಾವಿರದಂತೆ ಇಳಿಯಿತು ಬೆಲೆ.

ಹರಾಜಿನ ದಿನ ನದಿಯ ಮೇಲೆ ಮಂಜು, ಅರ್ಧ ಕುರ್ಚಿ ಖಾಲಿ.
ಮುಚ್ಚಳ ಜನಕ್ಕೆ ಕಾಣುವಂತೆ ಹಿಡಿ ಎಂದಿದ್ದರು ಮೇಡಂ.
ಮ್ವೇಪು ಎಡಮಗ್ಗುಲು ತೋರಿಸುತ್ತ ನಿಂತ.
ಎಂಟುನೂರು. ಒಂಬೈನೂರು.
ಫೋನಿನಲ್ಲಿ ಯಾರೋ, ಒಂಬೈನೂರ ಐವತ್ತು.
ಒಂದು ಸಲ. ಎರಡು ಸಲ.
ಕೊನೆಯ ಸಾಲಿನಲ್ಲಿ ದೆತ್ಯೇ ಕೈ ಎತ್ತಿದ.
ತನ್ನ ಪೆಟ್ಟಿಗೆಗೆ ತಾನೇ ಕೂಗುವ ಹಾಗಿಲ್ಲವೆಂದು
ಪಕ್ಕದವರು ಮೆಲ್ಲಗೆ ಆ ಕೈ ಇಳಿಸಿದರು.
ಸುತ್ತಿಗೆ.

ಕೊಂಡವರ ಪತ್ರ ಸಂಜೆಗೇ ಬಂತು:
ಆ ಪಕ್ಕವನ್ನು ಕಿತ್ತು, ಸರಿಯಾದ ಕಲ್ಲು ಕೂಡಿಸಲು
ಎಷ್ಟಾಗುತ್ತದೆ?
ಉತ್ತರ ಬರೆಯುವುದೂ ನನ್ನ ಕೆಲಸವೇ. ನಾಳೆ ಬರೆಯುತ್ತೇನೆ.
ಆಚೆ ಮೇಜಿನ ಹತ್ತಿರ ಮ್ವೇಪು ಹುಲ್ಲು, ಕಾಗದ, ದಾರ ಹರಡಿಕೊಂಡು
ಒಂದು ಕೈಗವಸು ಕಳಚಿದ್ದಾನೆ.
ಹೆಬ್ಬೆರಳಿಗೆ ಉಗುಳು ಹಚ್ಚಿ ಆ ಪಕ್ಕವನ್ನು ತಿಕ್ಕುತ್ತಿದ್ದಾನೆ.
ಅಲ್ಲಿ ಕೊಳೆಯೇನೂ ಇರಲಿಲ್ಲ,
ಬೆಳಿಗ್ಗೆ ನಾನೇ ಒರೆಸಿದ್ದೆ.