ನಾಳಿನ ಆಟಕ್ಕ ಅದೇ ಹಿಮ

ಇದು ಹಿಮ, ಅಂತ ಅಲ್ವಿಟೊ ಸಾಹೇಬ್ರು ಚೀಲ ಕೊಟ್ರು.
ಮುಟ್ಟಿ ನೋಡಿದೆ. ಕಾಗದ.
ಉಗುರಿನಷ್ಟುದ್ದ ಬಿಳೀ ತುಂಡು,
ಕುಬಸದಾಗ ಹೊಕ್ಕರ ಮೂರು ದಿನ ಹೊರಬರೂದಿಲ್ಲ.
ಆಟ ಮುಗಿದ ಮ್ಯಾಲ ಎಲ್ಲಾ ಬಳೀಬೇಕು,
ಸಾಣಿಗಿ ಹಿಡೀಬೇಕು,
ನಾಳಿನ ಆಟಕ್ಕ ಮತ್ತ ಅದೇ ಹಿಮ ಬೀಳಬೇಕು.
ಆರು ದಿನ, ಆರು ಆಟ.

ಹೊರಗ ಮಡಗಾಂವದಾಗ ಡಿಸೆಂಬರಿನಾಗೂ ಬೆವರು.
ಬಾಲ್ಕನಿಗೊಂದು ಕಾಗದದ ಚಿಕ್ಕಿ,
ಮೀನಪ್ಯಾಟಿ ಬಾಗಲಕ್ಕೂ ಒಂದು ಚಿಕ್ಕಿ.
ಒಳಗ ಮಾತ್ರ
ಚಳಿಗಾಲದ ಮುದುಕಿ ಹಲ್ಲು ಕಡೀತಿದ್ಲು.

ಒಪೆರಾ ಅಂತಾರ ಇದಕ್ಕ.
ಮಾತು ಅನ್ನೂದ ಇಲ್ಲ. ಬಾಗಲಾ ತೆಗಿ ಅನ್ನಾಕ ಒಂದು ಹಾಡು,
ತೆಗೆಯೂದಿಲ್ಲ ಅನ್ನಾಕ ಅದಕ್ಕಿಂತ ಉದ್ದಂದು.
ನಮ್ಮೂರ ದೊಡ್ಡಾಟದಾಗ ರಾಕ್ಷಸ ಬಂದ್ರ
ಮದ್ದಳಿ ಮೂರು ಹಳ್ಳಿ ಎಬ್ಬಿಸ್ತಿತ್ತು,
ಸಾರಥಿ ಹೆಸರು ಕೇಳೂತನಕ ಕುಣಿತ ನಿಲ್ಲುತಿರಲಿಲ್ಲ.
ಇಲ್ಲಿ ಇಪ್ಪತ್ತು ಮಂದಿ ತಗ್ಗಿನಾಗ ಕುಂತು ಪಿಟೀಲು ಕೊಯ್ತಾರ,
ಮುದುಕಿ ಸಪ್ಪಳಿಲ್ಲದ ಬರ್ತಾಳ.
ಹೆದರಿಕಿ ಅಂದ್ರ ಹೆದರಿಕಿನ. ಭಾಷಾ ಯಾವುದಾದ್ರೇನು.

ಕತಿ ಹೇಳಿದಾಕಿ ಫಿಲೋಮಿನಾ ಬಾಯಿ, ಬಕೀಟು ತುಂಬೂ ಹೊತ್ತಿನಾಗ:
ಮುದುಕಿಗೆ ನೂರು ವರ್ಷದಿಂದ ನಿದ್ದಿ ಇಲ್ಲ.
ಅದಕ್ಕ ಊರ ಹುಡುಗೂರ ನಿದ್ದಿ ಕದ್ದು
ಗಡಿಗ್ಯಾಗ ತುಂಬಿ, ಬಾಯಿಗೆ ಅರಿವಿ ಬಿಗದು, ನೆಲುವಿನ್ಯಾಗ ಇಡ್ತಾಳ.
ಗಡಿಯಾರ ರಿಪೇರಿಯವನ ಮಗಳು ಹುಡುಕ್ಕೋಂತ ಹೊಂಟಾಳ
ಹಿಮದಾಗ, ಬರಿಗಾಲಿಲೆ.
'ಆಮ್ಯಾಲ?' ಅಂದೆ.
'ಆಮ್ಯಾಲ ಬಕೀಟು ತುಂಬ್ತು' ಅಂದ್ಲು.

ಎರಡನೇ ದಿನ ಪಡದೆ ಸಂದಿಯಿಂದ ನೋಡಿದೆ.
ಮೂರನೇ ದಿನಾನೂ.
ನಾಲ್ಕನೇ ದಿನ ಮುದುಕಿ ಹಾಡು ನನ್ನ ಬಾಯಿಗೆ ಬಂತು,
ಶಬ್ದ ಇಲ್ಲ, ಬರೇ ಅದರ ಏರು, ಇಳಿ.
ಕಕ್ಕಸು ತೊಳೆಯೂ ಮುಂದ ಗುನುಗಿದ್ರ
ಟೈಲ್ಸು ದೊಡ್ಡದು ಮಾಡಿ ತಿರುಗಿ ಕೊಟ್ವು.

ಸಾಣಿಗ್ಯಾಗ ದಿನಾ ಏನಾರ ಉಳೀತಿತ್ತು.
ತಲಿಪಿನ್ನು. ಮುದುಕಿಯ ಪ್ಲಾಸ್ಟಿಕ್ ಉಗುರು.
ಅರ್ಧ ನೆವರಿ, ಯಾವ ಮೊಲ ಕಡಿದಿತ್ತೋ.
ಹಿಮ ದಿನದಿಂದ ದಿನಕ್ಕ ಕಂದಾತು.
ಐದನೇ ದಿನ ಒಂದು ಹಲ್ಲು.

ಅಕ್ಕಿಕಾಳಿನಂಥಾ ಹಾಲುಹಲ್ಲು,
ಬೇರಿನ ಕಡೆ ಚೂರು ಕೆಂಪು.
ಮೊಲದ ಟೊಪ್ಪಿಗಿ ಹಾಕ್ಕೊಂಡ ಶನೆಲ್ ಅನ್ನೂ ಪೋರಿ
ಮೂಲ್ಯಾಗ ನಿಂತು ಬಿಕ್ಕತಿತ್ತು.
ನಾ ಅಂಗೈ ಚಾಚಿದೆ.

ನಮ್ಮ ಕಡೆ ಇದನ್ನ ಮಾಳಗಿ ಮ್ಯಾಲ ಒಗೀತೀವಿ, ಅಂದೆ,
ಅರ್ಧ ಕೊಂಕಣಿ, ಅರ್ಧ ಕೈಸನ್ನಿ.
ಸಗಣ್ಯಾಗ ಮುಚ್ಚಿ ಅನ್ನೂದನ್ನ ನುಂಗಿದೆ.
ಪೋರಿ ಕತ್ತೆತ್ತಿ ನೋಡಿತು:
ಕಬ್ಬಿಣದ ತೊಲಿ, ದೀಪ, ಹಗ್ಗ,
ಕತ್ತಲ್ಯಾಗ ಹಿಮ ತೂಗೂ ಜೋಳಿಗಿ.
ಅಲ್ಲಿ, ಅಂತ ಬೆರಳು ಮಾಡಿತು.

ಕಡೀ ಆಟಕ್ಕ ಚೀಲ ಮ್ಯಾಲೇರಿದಾಗ
ಹಿಮದ ನಡುವ ಒಂದು ಹಲ್ಲಿತ್ತು.
ಅಲ್ವಿಟೊ ಸಾಹೇಬ್ರಿಗೆ ಹೇಳಲಿಲ್ಲ.

ಗಡಿಯಾರದವನ ಮಗಳು ಮುದುಕಿಗೆ ಜೋಗುಳ ಹಾಡಿದ್ಲು.
ಅದು ಆಮ್ಯಾಲ. ಫಿಲೋಮಿನಾ ಹೇಳದ ಆಮ್ಯಾಲ.
ಹೊಡೀಲಿಲ್ಲ, ತಲಿ ಕಡೀಲಿಲ್ಲ,
ಮಲಗಿಸಿದ್ಲು.
ಮುದುಕಿ ತೂಕಡಿಸಿ ಗಡಿಗಿ ಮ್ಯಾಲ ಒರಗಿದ್ಲು,
ಗಡಿಗಿ ಒಂದೊಂದಾಗಿ ಬಾಯಿ ಬಿಚ್ಚಿದ್ವು,
ಹಿಮ ಸುರೀತು.
ಮೊಲಗೂಳೆಲ್ಲಾ ಕಣ್ಮುಚ್ಚಿ ಬೀಳಬೇಕು.
ಒಂದು ಮೊಲ ಮಾತ್ರ ಹಲ್ಲಿನ ಸಂದಿ ತೋರಿಸಿಕೋಂತ
ಮ್ಯಾಲ ನೋಡತಿತ್ತು.

ನಾ ಪಡದೆ ಹಿಂದ, ಕಸಬರಿಗಿ ಹಿಡಿಕಿಗೆ ಗದ್ದ ಊರಿ
ನಿಂತಲ್ಲೇ ಜೋಂಪು ಹತ್ತಿದ್ದೆ.
ಆರು ದಿನದಿಂದ ರಾತ್ರಿಗೆ ನಾಕ ತಾಸು.
ಚಪ್ಪಾಳಿ ಎಬ್ಬಿಸ್ತು.

ಆವತ್ತು ಸಾಣಿಗಿ ಹಿಡೀಲಿಲ್ಲ.
ಎಲ್ಲಾ ಒಂದೇ ಚೀಲಕ್ಕ ಬಳದು ಬಾಯಿ ಕಟ್ಟಿದೆ.
ನಾವೇಲಿಯ ಕಡೀ ಬಸ್ಸು. ಕಿಡಕಿಗೆ ತಲಿ ಕೊಟ್ಟೆ.
ಕುಬಸದೊಳಗ ಏನೋ ಚುಚ್ಚತಿತ್ತು,
ಹಿಮಾನೋ, ಹಲ್ಲೋ,
ತೆಗೆದು ನೋಡೂದ್ರಾಗ ನಿದ್ದಿ.
ಕಂಡಕ್ಟರ ಎಬ್ಬಿಸಿದಾಗ
ನನ್ನ ಸ್ಟಾಪು ದಾಟಿ ಭಾಳ ದೂರ ಬಂದಿದ್ದೆ.