ಹೊಗೆ ಹಾಕುವುದು

ಗಡೀಜಾ ಹಿತ್ತಲಲ್ಲಿ ಮತ್ತೆ ಹೊಗೆ ಹಾಕಿದಳು.
ತಂತಿಯ ಮೇಲಿನ ನನ್ನ ಹೊದಿಕೆಗಳೆಲ್ಲ ಕಮರು ವಾಸನೆ.
ಬೇಲಿಯಾಚೆಯಿಂದ ಬೈದೆ.
“ಕಾಳ್ಗಿಚ್ಚು ಬಂದುಹೋಯಿತೆಂದು ನಂಬಿದರಷ್ಟೇ
ಏಳುವ ಬೀಜ ಕಣೇ, ಎರಿಕಾ,”
ಅಂದಳು, ಬಿಸ್ಕತ್ತಿನ ಡಬ್ಬಿಯ ಮರಳಿಗೆ
ಹಸಿಹುಲ್ಲಿನ ಹೊಗೆ ಕುಡಿಸುತ್ತ.

ಕಾಡಲ್ಲಿ ಇದು ಈಗ ಇಲ್ಲ.
ಇದ್ದ ಬಯಲಿನ ಮೇಲೆ ಕೇಪ್‌ಟೌನಿನ ಬಸ್ಸು ತಿರುಗುತ್ತದೆ,
ಪೆಟ್ರೋಲ್ ಬಂಕು, ನಮ್ಮಿಬ್ಬರ ತಗಡಿನ ಮಾಡು.
ನಮ್ಮನ್ನೂ ಲಾರಿಯಿಂದ ಇಳಿಸಿದ್ದು
ಇದೇ ಮರಳಿಗೆ; ಆಗ ಅವಳಿಗೆ ಒಂಬತ್ತು, ನನಗೆ ಏಳು.

ಮೂರು ಚಳಿಗಾಲ ಡಬ್ಬಿ ಸುಮ್ಮನಿತ್ತು.
ನಿನ್ನೆ ಕೂಗಿದಳು.
ತನ್ನ ಕನ್ನಡಕ ತೆಗೆದು ನನ್ನ ಮೂಗಿಗೇರಿಸಿದಳು:
ಎರಡು ಎಲೆ, ರೆಪ್ಪೆಗೂದಲಿನಷ್ಟು.
ಉಸಿರಾಡಲೂ ಹೆದರಿ ನಿಂತೆವು.

ಹಿತ್ತಲ ಒಣಹುಲ್ಲು ಕಟ್ಟಿ ಬೇಲಿಯ ಮೇಲಿಟ್ಟಿದ್ದೇನೆ,
ಇನ್ನೊಂದು ಡಬ್ಬಿಗೆ ಆಗುವಷ್ಟು.